ಹಳೆಯ ಬಳ್ಳಿಗೆ ಹೆಚ್ಚು ಬೆಲೆ ಏಕೆ?

ನಮ್ಮ ಸಂಘದ ಸದಸ್ಯರೊಬ್ಬರು ಈಚೆಗೆ ಒಂದು ಪ್ರಶ್ನೆ ಕೇಳಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗನ ಮನೆಯಲ್ಲಿ ಹೊರದೇಶದ ಕೆಂಪು ವೈನಿನ ಸೀಸೆಯೊಂದಿತ್ತಂತೆ. ಅದರ ಚೀಟಿಯ ಮೇಲೆ ‘ಹಳೆಯ ಬಳ್ಳಿಗಳ ವೈನ್’ ಎಂದು ಅಚ್ಚಾಗಿತ್ತು. ಅದೇ ತಯಾರಕರ ಮಾಮೂಲು ವೈನಿಗಿಂತ ಅದರ ಬೆಲೆ ಎರಡು ಪಟ್ಟು. “ಎತ್ತು ಮುದಿಯಾದರೆ ಸಂತೆಯಲ್ಲಿ ಕೇಳುವವರಿಲ್ಲ. ಅಡಿಕೆ ಮರ ಮುದಿಯಾದರೆ ಫಸಲು ಇಳಿಯುತ್ತದೆ, ಹತ್ತುವವನೂ ಸಿಗುವುದಿಲ್ಲ. ದ್ರಾಕ್ಷಿ ಬಳ್ಳಿ ಮಾತ್ರ ಮುದಿಯಾದರೆ ಬೆಲೆ ಏರುತ್ತದೆಯೇ? ಇದು ವ್ಯಾಪಾರಿಗಳ ತಂತ್ರವೋ, ನಿಜವೋ?” ಎಂಬುದು ಅವರ ಪ್ರಶ್ನೆ.

ಪ್ರಶ್ನೆ ದ್ರಾಕ್ಷಿಯದಾದರೂ ವಿಷಯ ನಮ್ಮದೇ ಆಗಿದೆ. ಹಳೆಯ ತೋಟವನ್ನು ಉಳಿಸಿಕೊಳ್ಳಬೇಕೇ, ಕಡಿದು ಹೊಸದು ಹಾಕಬೇಕೇ ಎಂಬ ಚಿಂತೆ ಕಾಫಿಯವರಿಗೂ ಇದೆ, ಅಡಿಕೆಯವರಿಗೂ ಇದೆ. ಈ ಚಿಂತೆಯನ್ನು ನೂರು ವರ್ಷಗಳಿಗೂ ಮೇಲ್ಪಟ್ಟು ಅನುಭವಿಸಿದವರು ಮೆಡಿಟರೇನಿಯನ್ ಸಮುದ್ರದ ದಂಡೆಯ ದ್ರಾಕ್ಷಿ ಬೆಳೆಗಾರರು. ಅವರಲ್ಲಿ ಬಹುಮಂದಿ ನಮ್ಮಂತೆಯೇ ಸಣ್ಣ ಹಿಡುವಳಿದಾರರು, ನಮ್ಮಂತೆಯೇ ಸಹಕಾರ ಸಂಘದ ಸದಸ್ಯರು. ಆದ್ದರಿಂದ ಅವರ ಕಥೆಯನ್ನು ತುಸು ವಿವರವಾಗಿಯೇ ಇಲ್ಲಿ ಹೇಳಲಾಗಿದೆ. ಇದು ಕುಡಿತಕ್ಕೆ ಪ್ರೋತ್ಸಾಹವಲ್ಲ; ಬೆಳೆಯ ವಿಚಾರ, ಬೆಲೆಯ ವಿಚಾರ.

ನೆರೆಯ ಸೀಮೆಯ ದ್ರಾಕ್ಷಿ

ದ್ರಾಕ್ಷಿಯನ್ನು ನೋಡಲು ನಾವು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಕೊಳಾಲದಿಂದ ಆಗ್ನೇಯಕ್ಕೆ ಹೊರಟರೆ ದೊಡ್ಡಬಳ್ಳಾಪುರ, ಅದರಾಚೆ ದೇವನಹಳ್ಳಿ, ಚಿಕ್ಕಬಳ್ಳಾಪುರ. ಅಲ್ಲಿ ಚಪ್ಪರದ ಮೇಲೆ ಹಬ್ಬಿಸಿದ ‘ಬೆಂಗಳೂರು ನೀಲಿ’ ದ್ರಾಕ್ಷಿಯನ್ನು ಕಾಣದವರಿಲ್ಲ. ಕಪ್ಪು ನೀಲಿ ಬಣ್ಣ, ಬಿಗಿಯಾದ ಗೊಂಚಲು, ಒಳಗೆ ಬೀಜ, ಹಿಸುಕಿದರೆ ತಿರುಳಿನಿಂದ ಜಾರಿಬಿಡುವ ದಪ್ಪ ಸಿಪ್ಪೆ, ದೂರದಿಂದಲೇ ಮೂಗಿಗೆ ಬಡಿಯುವ ವಾಸನೆ ಇವು ಅದರ ಲಕ್ಷಣ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತು ದೊರೆಯಿತು.

ಇದು ಅಮೆರಿಕದ ‘ಇಸಬೆಲ್ಲಾ’ ತಳಿಯೇ ಎಂದು ದ್ರಾಕ್ಷಿ ತಜ್ಞರು ಗುರುತಿಸಿದ್ದಾರೆ. ತಿನ್ನಲು, ರಸ ಹಿಂಡಲು, ಸಿಹಿ ವೈನಿಗೆ ಇದು ಒದಗುತ್ತದೆ. ಆದರೆ ಯುರೋಪಿನವರು ಒಳ್ಳೆಯ ಕೆಂಪು ವೈನ್ ಎಂದು ಕರೆಯುವುದು ಇದರಿಂದ ಆಗುವುದಿಲ್ಲ. ಅದಕ್ಕೆ ಬೇರೆಯೇ ಜಾತಿಯ ಯುರೋಪಿನ ದ್ರಾಕ್ಷಿ ಬೇಕು. ಫ್ರಾನ್ಸಿನಲ್ಲಂತೂ ಇಸಬೆಲ್ಲಾ ಮುಂತಾದ ಅಮೆರಿಕದ ತಳಿಗಳಿಂದ ವೈನ್ ಮಾಡಿ ಮಾರುವುದನ್ನು 1930ರ ದಶಕದಲ್ಲಿ ಕಾನೂನಿನಿಂದಲೇ ನಿಲ್ಲಿಸಲಾಯಿತು.

ಆ ಯುರೋಪಿನ ತಳಿಗಳೂ ಈಗ ನಮ್ಮ ನೆರೆಯಲ್ಲಿವೆ. ಕನ್ವಲ್ ಗ್ರೋವರ್ ಎಂಬುವರು ಫ್ರಾನ್ಸಿನ ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಪ್ರಯೋಗ ನಡೆಸಿ, 1988ರಲ್ಲಿ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಸೀಮೆಯಲ್ಲಿ ವೈನ್ ದ್ರಾಕ್ಷಿಯ ತೋಟ ಸ್ಥಾಪಿಸಿದರು. 1990ರ ದಶಕದಲ್ಲಿ ಬಾರ್ಡೋ ಪ್ರಾಂತದ ಹೆಸರಾಂತ ತಜ್ಞ ಮಿಷೆಲ್ ರೋಲಾನ್ ಅವರ ಸಲಹೆಯನ್ನೂ ಪಡೆಯಲಾಯಿತು. ಕ್ಯಾಬರ್ನೆ ಸೋವಿನ್ಯಾನ್, ಶಿರಾಜ್ ಎಂಬ ಎರಡು ತಳಿಗಳನ್ನು ಸೇರಿಸಿದ ಅಲ್ಲಿಯ ಕೆಂಪು ವೈನ್ ಹೊರದೇಶಗಳಲ್ಲೂ ಹೆಸರು ಮಾಡಿದೆ. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸ ನೀತಿಯನ್ನೇ ಹೊರಡಿಸಿತು.

ಕೆಂಪು ವೈನ್ ಆಗುವ ಬಗೆ

ಹಳೆಯ ಬಳ್ಳಿಯ ಮಹತ್ವ ತಿಳಿಯಬೇಕಾದರೆ ಕೆಂಪು ವೈನ್ ಹೇಗೆ ಆಗುತ್ತದೆಂಬುದನ್ನು ಮೊದಲು ತಿಳಿಯಬೇಕು. ಕೆಂಪು ದ್ರಾಕ್ಷಿಯಾದರೂ ಬಹುತೇಕ ತಳಿಗಳ ಒಳಗಿನ ರಸಕ್ಕೆ ಬಣ್ಣವಿಲ್ಲ. ಬಣ್ಣ, ಒಗರು, ಪರಿಮಳದ ಬಹುಭಾಗ ಇರುವುದು ಸಿಪ್ಪೆಯಲ್ಲಿ. ಆದ್ದರಿಂದ ಕೆಂಪು ವೈನಿಗೆ ಹಣ್ಣನ್ನು ಒಡೆದು ಸಿಪ್ಪೆ, ಬೀಜಗಳ ಸಮೇತ ತೊಟ್ಟಿಯಲ್ಲಿ ಹುದುಗಲು ಬಿಡುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿ ಮಾಡುತ್ತದೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ಶೇಕಡಾ 1ರಷ್ಟು ಮದ್ಯಸಾರ ಬರುತ್ತದೆ ಎಂಬುದು ಲೆಕ್ಕ. ವಾರ ಎರಡು ವಾರ ಕಳೆದ ಮೇಲೆ ಹಿಂಡಿ, ಸಿಪ್ಪೆ ತೆಗೆದು, ತೊಟ್ಟಿಯಲ್ಲೋ ಮರದ ಪೀಪಾಯಿಯಲ್ಲೋ ತಿಂಗಳುಗಟ್ಟಲೆ ಮಾಗಲು ಇಡುತ್ತಾರೆ. 750 ಮಿಲಿಲೀಟರಿನ ಒಂದು ಸೀಸೆಗೆ ಒಂದು ಕಿಲೋವಿಗೆ ತುಸು ಮೇಲ್ಪಟ್ಟು ಹಣ್ಣು ಬೇಕು.

ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಸಿಪ್ಪೆಯೇ ಮುಖ್ಯವಾದ್ದರಿಂದ ದೊಡ್ಡ ಹಣ್ಣಿಗಿಂತ ಸಣ್ಣ ಹಣ್ಣು ಮೇಲು. ಸಣ್ಣ ಹಣ್ಣಿನಲ್ಲಿ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ತಿನ್ನುವ ದ್ರಾಕ್ಷಿ ಬೆಳೆಯುವವನು ಹಣ್ಣು ದಪ್ಪವಾಗಲೆಂದು ಹಾರೈಸಿದರೆ, ವೈನಿನ ದ್ರಾಕ್ಷಿ ಬೆಳೆಯುವವನು ಅದಕ್ಕೆ ವಿರುದ್ಧವಾಗಿ ಹಾರೈಸುತ್ತಾನೆ.

ಮುದಿ ಬಳ್ಳಿಯಲ್ಲಿ ಏನಿದೆ?

ಫ್ರಾನ್ಸಿನ ದಕ್ಷಿಣ ತುದಿಯಲ್ಲಿ, ಸ್ಪೇನಿನ ಗಡಿಗೆ ಹತ್ತಿರ, ಲಾಂಗ್‌ಡಾಕ್ ಮತ್ತು ರೂಸಿಯೋಂ ಎಂಬ ಸೀಮೆಗಳಿವೆ. ಸಮುದ್ರ ಹತ್ತಿರವಿದ್ದರೂ ಮಳೆ ಕಡಿಮೆ. ರೂಸಿಯೋಂ ಬಯಲಿನ ಮಳೆ ನಮ್ಮ ಪಾವಗಡ, ಶಿರಾ ತಾಲ್ಲೂಕುಗಳ ಮಳೆಗೆ ಹತ್ತಿರ ಬರುತ್ತದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅಲ್ಲಿ ಮಳೆ ಬೀಳುವುದು ಹೆಚ್ಚಾಗಿ ಚಳಿಯ ತಿಂಗಳುಗಳಲ್ಲಿ. ಬೇಸಿಗೆಯೆಲ್ಲ ಒಣ ಬಿಸಿಲು, ಒಣ ಗಾಳಿ. ಕಲ್ಲು ಚೂರುಗಳೇ ತುಂಬಿದ ಗುಡ್ಡದ ಓರೆಗಳಲ್ಲಿ ಕಾರಿನ್ಯಾನ್, ಗ್ರೆನಾಶ್ ಎಂಬ ಕೆಂಪು ತಳಿಗಳ ಹಳೆಯ ಬಳ್ಳಿಗಳು ಈಗಲೂ ಇವೆ. ಇವಕ್ಕೆ ಚಪ್ಪರವಿಲ್ಲ, ತಂತಿಯಿಲ್ಲ. ಮೊಣಕಾಲೆತ್ತರದಲ್ಲಿ ಸವರಿ ಸವರಿ ಪೊದೆಯಂತೆ ನಿಲ್ಲಿಸಿರುತ್ತಾರೆ. ಕಾಂಡ ಮಾತ್ರ ತೊಡೆಯ ಗಾತ್ರ. ಅರವತ್ತು, ಎಂಬತ್ತು, ನೂರು ವರ್ಷದ ಬಳ್ಳಿಗಳು ಅಲ್ಲಿ ಅಪರೂಪವಲ್ಲ.

ಇಂಥ ಬಳ್ಳಿಯ ಗುಣಗಳು ಮೂರು.

ಮೊದಲನೆಯದು ಬೇರು. ದಶಕಗಳ ಕಾಲ ಕಲ್ಲಿನ ಸಂದಿಗಳಲ್ಲಿ ಇಳಿದ ಬೇರು ಆಳದ ತೇವವನ್ನು ಮುಟ್ಟಿರುತ್ತದೆ. ಎಳೆಯ ಬಳ್ಳಿ ಮಳೆ ಬಂದರೆ ಉಬ್ಬುತ್ತದೆ, ಬಿಸಿಲು ಬಂದರೆ ಬಾಡುತ್ತದೆ. ಹಳೆಯ ಬಳ್ಳಿಗೆ ಈ ಏರುಪೇರು ಕಡಿಮೆ. ಬರದ ವರ್ಷದಲ್ಲೂ ಹಣ್ಣು ಅರ್ಧಕ್ಕೆ ನಿಲ್ಲದೆ ಮಾಗುತ್ತದೆ.

ಎರಡನೆಯದು ಕಾಂಡ. ದಪ್ಪ ಕಾಂಡದಲ್ಲಿ ಮತ್ತು ಬೇರಿನಲ್ಲಿ ಬಳ್ಳಿ ತನ್ನ ಆಹಾರವನ್ನು ಕೂಡಿಟ್ಟಿರುತ್ತದೆ. ಚಿಗುರುವ ಕಾಲದಲ್ಲಿ ಆ ಕೂಡಿಟ್ಟದ್ದು ಅದರ ನೆರವಿಗೆ ಬರುತ್ತದೆ.

ಮೂರನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಇಳುವರಿ. ಮುದಿ ಬಳ್ಳಿಯಲ್ಲಿ ಗೊಂಚಲು ಕಡಿಮೆ, ಹಣ್ಣು ಸಣ್ಣದು. ಕಾರಿನ್ಯಾನ್ ತಳಿಗಂತೂ ಇದು ವರವೇ ಸರಿ. ಬಯಲಿನ ಫಲವತ್ತಾದ ಮಣ್ಣಿನಲ್ಲಿ ಎಳೆಯ ಕಾರಿನ್ಯಾನ್ ವಿಪರೀತ ಫಸಲು ಕೊಡುತ್ತದೆ. ಆ ಹಣ್ಣಿನ ವೈನ್ ತೆಳು, ಹುಳಿ, ಒಗರು. ಅದೇ ತಳಿ ಗುಡ್ಡದಲ್ಲಿ ಮುದಿಯಾಗಿ ಫಸಲು ಇಳಿದಾಗ ಗಟ್ಟಿಯಾದ, ಗಾಢ ಬಣ್ಣದ ವೈನ್ ಕೊಡುತ್ತದೆ. ತಳಿ ಒಂದೇ, ನಡತೆ ಬೇರೆ.

ಹಾಗೆಂದು ಮುಪ್ಪು ತಾನಾಗಿಯೇ ಗುಣವಲ್ಲ. ರೋಗ ಹಿಡಿದು ಮುದಿಯಾದ ಬಳ್ಳಿ ಕೆಟ್ಟ ಹಣ್ಣನ್ನೇ ಕೊಡುತ್ತದೆ. ಇನ್ನೊಂದು ಮಾತೂ ಇದೆ. ಒಳ್ಳೆಯ ನೆಲದಲ್ಲಿದ್ದ, ಒಳ್ಳೆಯ ಹಣ್ಣು ಕೊಡುತ್ತಿದ್ದ ಬಳ್ಳಿಗಳನ್ನೇ ಜನ ಉಳಿಸಿಕೊಂಡರು. ಉಳಿದವನ್ನು ಎಂದೋ ಕಿತ್ತರು. ಆದ್ದರಿಂದ ಇಂದು ಉಳಿದಿರುವ ಹಳೆಯ ಬಳ್ಳಿಗಳು ಆಯ್ದು ಉಳಿದವು. ಅವುಗಳ ಗುಣದಲ್ಲಿ ವಯಸ್ಸಿನ ಪಾಲೂ ಇದೆ, ನೆಲದ ಪಾಲೂ ಇದೆ.

ನಮ್ಮಲ್ಲಿ ಬಳ್ಳಿ ನೂರು ವರ್ಷ ಏಕೆ ಬಾಳದು?

ನಂದಿ ತಪ್ಪಲಿನಲ್ಲಿ ಇಂಥ ಶತಾಯುಷಿ ಬಳ್ಳಿಗಳು ಏಕಿಲ್ಲ ಎಂದು ಕೇಳಬಹುದು. ಯುರೋಪಿನ ತಳಿಗಳು ಇಲ್ಲಿಗೆ ಬಂದು ಹೆಚ್ಚು ಕಾಲವಾಗಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹವೆ. ಮೆಡಿಟರೇನಿಯನ್ ಸೀಮೆಯಲ್ಲಿ ಚಳಿಗಾಲ ಬಂದಾಗ ಬಳ್ಳಿ ಎಲೆಯುದುರಿಸಿ ಮೂರು ನಾಲ್ಕು ತಿಂಗಳು ನಿದ್ರಿಸುತ್ತದೆ. ವರ್ಷಕ್ಕೊಮ್ಮೆ ಸವರುವುದು, ವರ್ಷಕ್ಕೊಮ್ಮೆ ಕೊಯ್ಲು. ನಮ್ಮಲ್ಲಿ ಬಳ್ಳಿಗೆ ನಿದ್ರೆಯಿಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಆದ್ದರಿಂದ ವೈನಿನ ದ್ರಾಕ್ಷಿಯನ್ನು ವರ್ಷಕ್ಕೆ ಎರಡು ಬಾರಿ ಸವರಬೇಕಾಗುತ್ತದೆ. ಬೇಸಿಗೆಯಲ್ಲಿ ಒಮ್ಮೆ ಕಡ್ಡಿ ಬಲಿಯಲೆಂದು, ಮಳೆ ಮುಗಿಯುತ್ತ ಬಂದಾಗ ಇನ್ನೊಮ್ಮೆ ಹೂ ಕಾಯಿಗೆಂದು. ಬೆಂಗಳೂರು ನೀಲಿಯಿಂದಲಾದರೋ ವರ್ಷಕ್ಕೆ ಎರಡು ಫಸಲನ್ನೇ ತೆಗೆಯುತ್ತಾರೆ. ಹೀಗೆ ಬಿಡುವಿಲ್ಲದೆ ದುಡಿದ ಬಳ್ಳಿ ಬೇಗ ದಣಿಯುತ್ತದೆ. ಅಲ್ಲಿ 35 ವರ್ಷದ ಬಳ್ಳಿ ನಡುವಯಸ್ಸಿನದಾದರೆ ಇಲ್ಲಿ ಅದು ಹಿರಿಯಜ್ಜ.

ಆದ್ದರಿಂದ ‘ಹಳೆಯ ಬಳ್ಳಿ’ ಎಂಬ ಮಾತಿಗೆ ಎಲ್ಲ ಕಡೆ ಒಂದೇ ಅಳತೆ ಇರಲಿಲ್ಲ. ಫ್ರಾನ್ಸಿನಲ್ಲಿ ಚೀಟಿಯ ಮೇಲೆ ಹಾಗೆ ಬರೆಯಲು ಇಂತಿಷ್ಟು ವರ್ಷವಾಗಿರಬೇಕೆಂಬ ಕಾನೂನಿಲ್ಲ. ಮೂವತ್ತು ವರ್ಷದ್ದಕ್ಕೂ ಬರೆಯಬಹುದು, ನೂರು ವರ್ಷದ್ದಕ್ಕೂ ಬರೆಯಬಹುದು. ಸದಸ್ಯರಿಗೆ ಬಂದ ಸಂಶಯ ಈ ಮಟ್ಟಿಗೆ ನ್ಯಾಯವಾದದ್ದೇ. ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಬೆಳೆಗಾರರು 2009ರಲ್ಲಿ 35, 70, 100, 125 ವರ್ಷಗಳೆಂದು ನಾಲ್ಕು ಮೆಟ್ಟಿಲು ಮಾಡಿಕೊಂಡರು. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯು 2024ರಲ್ಲಿ, ದಾಖಲೆಯಿಂದ 35 ವರ್ಷವೆಂದು ಖಚಿತವಾದದ್ದೇ ಹಳೆಯ ಬಳ್ಳಿ ಎಂದು ಗೊತ್ತುಪಡಿಸಿತು. ತೋಟವನ್ನು ಹಳೆಯದೆನ್ನಬೇಕಾದರೆ ಅದರ ಶೇಕಡಾ 85ರಷ್ಟು ಬಳ್ಳಿಯಾದರೂ ಅಂಥದ್ದಾಗಿರಬೇಕು. ‘ದಾಖಲೆಯಿಂದ’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದಕ್ಕೆ ಮರಳಿ ಬರುತ್ತೇವೆ.

ಬೇರಿನ ಹೇನು, ಎಲೆಯ ತುಕ್ಕು

ಲಾಂಗ್‌ಡಾಕಿನ ಇಂದಿನ ಹಳೆಯ ಬಳ್ಳಿಗಳ ಹಿಂದೆ ಒಂದು ದೊಡ್ಡ ವಿನಾಶದ ಕಥೆಯಿದೆ. 1860ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. ಮಾಂಪೆಲಿಯೆ ನಗರದ ಪ್ರಾಧ್ಯಾಪಕ ಪ್ಲಾಂಶಾನ್ ಮತ್ತು ಅವರ ಸಂಗಡಿಗರು 1868ರಲ್ಲಿ ಬೇರನ್ನು ಅಗೆದು ನೋಡಿದಾಗ ಕಂಡದ್ದು ಹಳದಿ ಬಣ್ಣದ ಸಣ್ಣ ಹೇನುಗಳು. ಫಿಲಾಕ್ಸೆರಾ ಎಂಬ ಈ ಹೇನು ಅಮೆರಿಕದಿಂದ ತರಿಸಿದ ಬಳ್ಳಿಗಳೊಂದಿಗೆ ಬಂದಿತ್ತು. ಮುಂದಿನ ಎರಡು ದಶಕಗಳಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳ ಬಹುಭಾಗ ನಾಶವಾಯಿತು.

ಕಾಫಿಯವರಿಗೆ ಇದು ಹೊಸ ಕಥೆಯಲ್ಲ. ಸರಿಯಾಗಿ ಅದೇ ಕಾಲದಲ್ಲಿ, 1869ರಲ್ಲಿ, ಸಿಂಹಳದ ಕಾಫಿಗೆ ಎಲೆ ತುಕ್ಕು ರೋಗ ಬಿದ್ದಿತು. ಸಿಂಹಳ ಕಾಫಿಯನ್ನೇ ಬಿಟ್ಟು ಚಹಾಕ್ಕೆ ತಿರುಗಿತು. ನಮ್ಮವರು ತುಕ್ಕನ್ನು ತಡೆಯುವ ಕೆಂಟ್ಸ್, ಮುಂದೆ ಎಸ್.795 ಮುಂತಾದ ಆಯ್ಕೆಗಳಿಂದ ಅರೇಬಿಕಾವನ್ನು ಉಳಿಸಿಕೊಂಡರು. ಫ್ರಾನ್ಸಿನವರು ಉಳಿಸಿಕೊಂಡದ್ದು ಕಸಿಯಿಂದ. ಹೇನನ್ನು ತಡೆಯಬಲ್ಲ ಅಮೆರಿಕದ ಬೇರಿಗೆ ತಮ್ಮ ತಳಿಯ ಕುಡಿಯನ್ನು ಕಸಿ ಮಾಡಿ ಹೊಸದಾಗಿ ನೆಟ್ಟರು. ಎಲ್ಲಿಂದ ರೋಗ ಬಂತೋ ಅಲ್ಲಿಂದಲೇ ಮದ್ದು. ಇಂದು ನಮ್ಮ ರಾಜ್ಯದ ಅನೇಕ ದ್ರಾಕ್ಷಿ ತೋಟಗಳಲ್ಲೂ ‘ಡಾಗ್‌ರಿಡ್ಜ್’ ಎಂಬ ಅಮೆರಿಕದ ಬೇರಿನ ಮೇಲೆ ಕಸಿ ಮಾಡುತ್ತಾರೆ. ಆದರೆ ಅದು ಹೇನಿಗಾಗಿ ಅಲ್ಲ, ಬರವನ್ನೂ ಉಪ್ಪು ನೀರನ್ನೂ ತಡೆಯಲೆಂದು.

ಫ್ರಾನ್ಸಿನಲ್ಲಿ ಹೊಸದಾಗಿ ನೆಟ್ಟಾಗ ಒಂದು ತಪ್ಪಾಯಿತು. ಸಾಲ ತೀರಿಸುವ ಆತುರದಲ್ಲಿ ಹಲವರು ಗುಡ್ಡವನ್ನು ಬಿಟ್ಟು ಬಯಲಿಗೆ ಇಳಿದು, ಹೆಚ್ಚು ಫಸಲು ಕೊಡುವ ತಳಿಗಳನ್ನೇ ಹಾಕಿದರು. ಅಲ್ಜೀರಿಯಾದಿಂದಲೂ ವೈನ್ ಬರತೊಡಗಿತು. ಸಾಲದುದಕ್ಕೆ ಸಕ್ಕರೆ ನೀರು ಬೆರೆಸಿದ ಕಲಬೆರಕೆ ವೈನ್ ಪೇಟೆಯನ್ನು ತುಂಬಿತು. ಬೆಲೆ ಕುಸಿಯಿತು.

1907ರ ದಂಗೆ ಮತ್ತು ಸಹಕಾರ ಸಂಘಗಳು

1907ರ ಮಾರ್ಚ್ 11ರಂದು ಆರ್ಜೆಲಿಯೆ ಎಂಬ ಹಳ್ಳಿಯ 87 ಮಂದಿ ಬೆಳೆಗಾರರು ಮಾರ್ಸೆಲಿನ್ ಆಲ್ಬೇರ್ ಎಂಬುವರ ಮುಂದಾಳುತನದಲ್ಲಿ ನಾರ್ಬೋನ್ ನಗರಕ್ಕೆ ನಡೆದು ಹೋಗಿ ತಮ್ಮ ಕಷ್ಟ ಹೇಳಿಕೊಂಡರು. ಆಲ್ಬೇರ್ ದೊಡ್ಡ ಜಮೀನುದಾರರಲ್ಲ. ಹಳ್ಳಿಯಲ್ಲಿ ಕಾಫಿ ಅಂಗಡಿ ಇಟ್ಟುಕೊಂಡಿದ್ದ ಸಣ್ಣ ಬೆಳೆಗಾರ. ವಾರ ವಾರಕ್ಕೂ ಸಭೆ ಬೆಳೆಯಿತು. ಜೂನ್ 9ರಂದು ಮಾಂಪೆಲಿಯೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಸೇರಿದರೆಂದು ಅಂದಾಜು. ಜೂನ್ 19 ಮತ್ತು 20ರಂದು ನಾರ್ಬೋನಿನಲ್ಲಿ ಸೈನಿಕರ ಗುಂಡಿಗೆ ಜನ ಬಲಿಯಾದರು. ಅದೇ ಸೀಮೆಯ ಮಕ್ಕಳಿದ್ದ 17ನೇ ಪದಾತಿ ದಳದ ಸೈನಿಕರು ಅಧಿಕಾರಿಗಳ ವಿರುದ್ಧ ತಿರುಗಿ ನಿಂತರು. ಜೂನ್ 29ರಂದು ಸರ್ಕಾರ ಕಲಬೆರಕೆಯನ್ನು ತಡೆಯುವ ಕಾನೂನು ತಂದಿತು.

ಕಾನೂನಿನಿಂದ ಕಲಬೆರಕೆ ಕಡಿಮೆಯಾದರೂ ಸಣ್ಣ ಬೆಳೆಗಾರನ ಇನ್ನೊಂದು ಕಷ್ಟ ಹಾಗೆಯೇ ಇತ್ತು. ಅವನಲ್ಲಿ ತೊಟ್ಟಿಯಿಲ್ಲ, ನೆಲಮಾಳಿಗೆಯಿಲ್ಲ. ಕೊಯ್ದ ಹಣ್ಣು ಕಾಯುವುದಿಲ್ಲ. ವ್ಯಾಪಾರಿ ಹೇಳಿದ್ದೇ ಬೆಲೆ. ಮರೋಸಾನ್ ಎಂಬ ಹಳ್ಳಿಯ ಬೆಳೆಗಾರರು ಇದಕ್ಕೆ ದಾರಿಯನ್ನು ಮೊದಲೇ ತೋರಿಸಿದ್ದರು. 1901ರಲ್ಲಿ ‘ಸ್ವತಂತ್ರ ದ್ರಾಕ್ಷಿ ಬೆಳೆಗಾರರು’ ಎಂಬ ಹೆಸರಿನ ಸಂಘ ಕಟ್ಟಿ, ಪ್ಯಾರಿಸಿನ ಕಾರ್ಮಿಕರ ಸಹಕಾರ ಸಂಘಗಳಿಗೆ ನೇರವಾಗಿ ಮಾರಿದರು. 1905ರಲ್ಲಿ ಸ್ವಂತ ತೊಟ್ಟಿಗಳ ಕಟ್ಟಡ ಕಟ್ಟಿದರು. ಅದನ್ನು ನೋಡಲು ಸಮಾಜವಾದಿ ನಾಯಕ ಜಾಂ ಜೋರೆಸ್ ಬಂದಿದ್ದರು. ಮುಂದಿನ ದಶಕಗಳಲ್ಲಿ ಲಾಂಗ್‌ಡಾಕಿನ ಹಳ್ಳಿ ಹಳ್ಳಿಗೂ ಇಂಥ ಸಂಘ ಬಂತು. ಸಹಕಾರ ಇಲ್ಲದಿದ್ದರೆ ಆ ಸೀಮೆಯ ಸಣ್ಣ ಬೆಳೆಗಾರ ಉಳಿಯುತ್ತಿರಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಒಂದೇ ತೊಟ್ಟಿಯ ಲೆಕ್ಕ

ಆದರೆ ಸಹಕಾರಿಗಳಾದ ನಾವು ಇಲ್ಲಿ ಒಂದು ಕಹಿ ಮಾತನ್ನೂ ಕೇಳಬೇಕು. ಸಂಘಗಳು ಹಣ್ಣಿಗೆ ಬೆಲೆ ಕಟ್ಟುತ್ತಿದ್ದುದು ಎರಡೇ ಅಳತೆಯಿಂದ: ತೂಕ ಮತ್ತು ಸಕ್ಕರೆಯ ಡಿಗ್ರಿ. ಗುಡ್ಡದ ಎಂಬತ್ತು ವರ್ಷದ ಬಳ್ಳಿಯ ಹಣ್ಣೂ ಬಯಲಿನ ಹತ್ತು ವರ್ಷದ ಬಳ್ಳಿಯ ಹಣ್ಣೂ ಒಂದೇ ತೊಟ್ಟಿಗೆ ಬಿದ್ದವು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ಬಯಲಿನ ಎಳೆಯ ತೋಟದಲ್ಲಿ ಹೆಕ್ಟೇರಿಗೆ 10,000 ಲೀಟರ್ ವೈನ್ ಆಗುತ್ತದೆಂದು ಇಟ್ಟುಕೊಳ್ಳಿ. ಗುಡ್ಡದ ಹಳೆಯ ಬಳ್ಳಿಯಿಂದ ಆಗುವುದು 2,000 ಲೀಟರ್. ನಮ್ಮ ಎಕರೆಯ ಲೆಕ್ಕದಲ್ಲಿ ಹೇಳಬೇಕಾದರೆ ಮೊದಲನೆಯದರಲ್ಲಿ 5,400ರಷ್ಟು ಸೀಸೆ, ಎರಡನೆಯದರಲ್ಲಿ 1,080ರಷ್ಟು. ಐದರಲ್ಲಿ ಒಂದು ಪಾಲು. ಜೊತೆಗೆ ಬಯಲಿನ ತಂತಿ ಸಾಲಿನ ಬಳ್ಳಿಯನ್ನು ಯಂತ್ರ ಕೊಯ್ಯುತ್ತದೆ. ಗುಡ್ಡದ ಪೊದೆ ಬಳ್ಳಿಯನ್ನು ಬಗ್ಗಿ ಕೈಯಲ್ಲೇ ಕೊಯ್ಯಬೇಕು. ಸಕ್ಕರೆಯ ಡಿಗ್ರಿ ತುಸು ಹೆಚ್ಚಿದ್ದ ಮಾತ್ರಕ್ಕೆ ಈ ಅಂತರ ತುಂಬುವುದಿಲ್ಲ. ಒಂದೇ ತೊಟ್ಟಿಗೆ ಸುರಿಯುವವರೆಗೆ ಹಳೆಯ ಬಳ್ಳಿಯನ್ನು ಇಟ್ಟುಕೊಂಡವನು ನಷ್ಟಕ್ಕೇ ದುಡಿಯುತ್ತಾನೆ. ಅವನು ಅದನ್ನು ಕಿತ್ತರೆ ಅವಿವೇಕಿ ಎನ್ನಲಾಗದು. ಲೆಕ್ಕ ಬಲ್ಲವನು ಎನ್ನಬೇಕು.

ಅಷ್ಟರಲ್ಲಿ ಫ್ರಾನ್ಸಿನ ಜನ ದಿನನಿತ್ಯ ಕುಡಿಯುವ ಅಗ್ಗದ ವೈನ್ ಕಡಿಮೆಯಾಗುತ್ತ ಬಂತು. ಮಾರಾಟವಾಗದೆ ಉಳಿದ ವೈನ್ ದೊಡ್ಡ ಹೊರೆಯಾಯಿತು. ಬಳ್ಳಿ ಕೀಳುವವರಿಗೆ ಯುರೋಪಿನ ಸರ್ಕಾರಗಳು ಹಣ ಕೊಡತೊಡಗಿದವು. 1980ರ ದಶಕದ ಕೊನೆಯಿಂದ ಇದು ವ್ಯಾಪಕವಾಗಿ ನಡೆಯಿತು. 2008ರ ಸುಧಾರಣೆಯಲ್ಲಿ ಮೂರು ವರ್ಷಗಳಲ್ಲಿ 1,75,000 ಹೆಕ್ಟೇರಿನವರೆಗೆ ಕೀಳಿಸುವ ಯೋಜನೆ ಹಾಕಲಾಯಿತು. 2024ರಲ್ಲೂ ಫ್ರಾನ್ಸ್ ಹೆಕ್ಟೇರಿಗೆ 4,000 ಯೂರೋ ಕೊಡುವ ಯೋಜನೆ ತಂದಿತು. ಒಂದು ಕಾಲದಲ್ಲಿ ಫ್ರಾನ್ಸಿನಲ್ಲೇ ಅತಿ ಹೆಚ್ಚು ವಿಸ್ತೀರ್ಣದಲ್ಲಿದ್ದ ಕಾರಿನ್ಯಾನ್ ಹೀಗೆ ಹಿಂದೆ ಸರಿಯಿತು. ಹೆಕ್ಟೇರಿನ ಲೆಕ್ಕದಲ್ಲಿ ಹಣ ಸಿಗುವಾಗ ರೈತ ಮೊದಲು ಕೀಳುವುದು ಯಾವುದನ್ನು? ಫಸಲು ಕಡಿಮೆಯಾದ ಹಳೆಯದನ್ನು. ಉಳಿಸಬೇಕಾದದ್ದೇ ಹೆಚ್ಚಾಗಿ ಹೋಯಿತು.

ಬೇರೆ ಇಟ್ಟವರು

ಇದೇ ಸಮಯದಲ್ಲಿ ಕೆಲವರು ಬೇರೆ ದಾರಿ ಹಿಡಿದರು. ಸ್ಪೇನಿನ ಕತಲೋನಿಯಾದಲ್ಲಿ ಪ್ರಿಯೊರಾತ್ ಎಂಬ ಬಡ ಗುಡ್ಡಗಾಡು ಸೀಮೆಯಿದೆ. ಹಳೆಯ ಗ್ರೆನಾಶ್, ಕಾರಿನ್ಯಾನ್ ಬಳ್ಳಿಗಳಿದ್ದರೂ ಬೆಲೆಯಿಲ್ಲದೆ ಯುವಕರು ಊರು ಬಿಟ್ಟಿದ್ದರು. 1989ರಲ್ಲಿ ಕೆಲವು ಗೆಳೆಯರು ಗ್ರಾತಾಯೋಪ್ಸ್ ಎಂಬ ಹಳ್ಳಿಯಲ್ಲಿ ಒಂದೇ ಕಟ್ಟಡದಲ್ಲಿ ಕೂಡಿ, ಇಂಥ ಗುಡ್ಡದ ಹಣ್ಣಿನಿಂದ ಕಡಿಮೆ ಪ್ರಮಾಣದಲ್ಲಿ ವೈನ್ ಮಾಡಿ, ಸೀಮೆಯ ಹೆಸರಿನಲ್ಲಿ ಮಾರಿದರು. ಕೆಲವೇ ವರ್ಷಗಳಲ್ಲಿ ಅದು ಸ್ಪೇನಿನ ಅತಿ ಬೆಲೆಬಾಳುವ ವೈನ್‌ಗಳ ಸಾಲಿಗೆ ಸೇರಿತು. ಬಳ್ಳಿ ಅದೇ, ಗುಡ್ಡ ಅದೇ. ಬದಲಾದದ್ದು ಒಂದೇ, ಆ ಹಣ್ಣನ್ನು ಬೇರೆ ಹಣ್ಣಿನೊಂದಿಗೆ ಬೆರೆಸಲಿಲ್ಲ, ಹೆಸರಿಲ್ಲದೆ ಮಾರಲಿಲ್ಲ.

ಸಹಕಾರ ಸಂಘಗಳಿಂದ ಇದು ಆಗದೆಂದು ತಿಳಿಯಬಾರದು. ಲಾಂಗ್‌ಡಾಕಿನ ಕಾರ್ಬಿಯೇರ್ ಗುಡ್ಡಗಳಲ್ಲಿ ಕಾಸ್ತೆಲ್ಮೋರ್ ಎಂಬ ಸಣ್ಣ ಹಳ್ಳಿಯ ಸಂಘವು ಸದಸ್ಯರ ತೋಟಗಳನ್ನು ತುಂಡು ತುಂಡಾಗಿ ಗುರುತಿಸಿ, ಒಳ್ಳೆಯ ತುಂಡಿನ ಹಣ್ಣನ್ನು ಬೇರೆ ತೊಟ್ಟಿಗೆ ಹಾಕಿ ಹೆಸರು ಗಳಿಸಿದೆ. ಆದ್ದರಿಂದ ತಪ್ಪು ಸಹಕಾರದ್ದಲ್ಲ, ಒಂದೇ ತೊಟ್ಟಿಯದು.

ನಮ್ಮ ತೋಟಗಳಿಗೆ ಇದರಿಂದ ಏನು?

ಕಾಫಿ ಬೆಳೆಗಾರರಿಗೆ ಒಂದೇ ತೊಟ್ಟಿಯ ಅನುಭವವಿದೆ. 1940ರ ದಶಕದಿಂದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯಲ್ಲಿ ಎಲ್ಲರ ಕಾಫಿಯೂ ಮಂಡಳಿಗೇ ಹೋಗುತ್ತಿತ್ತು. ಕಷ್ಟಕಾಲದಲ್ಲಿ ಅದು ಬೆಳೆಗಾರನನ್ನು ಕಾಪಾಡಿತೆಂಬುದು ನಿಜ. ಆದರೆ ಯಾರ ತೋಟದ್ದು, ಯಾವ ಬೆಟ್ಟದ್ದು ಎಂಬ ಗುರುತು ಕೊಳ್ಳುವವನವರೆಗೆ ತಲುಪುತ್ತಿದ್ದುದು ಅಪರೂಪ. 1990ರ ದಶಕದಲ್ಲಿ ಹಂತ ಹಂತವಾಗಿ ಮುಕ್ತ ಮಾರಾಟ ಬಂದು, 1996ರಲ್ಲಿ ಎಲ್ಲರಿಗೂ ಪೂರ್ತಿ ಸ್ವಾತಂತ್ರ್ಯ ದೊರೆಯಿತು. ಅನಂತರವೇ ತೋಟದ ಹೆಸರಿನ ಕಾಫಿ ಹೆಚ್ಚಾಗಿ ಕಾಣತೊಡಗಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಬಂತು. ಅದೇ ವರ್ಷ ಶಿರಸಿ ಅಡಿಕೆಗೂ ಬಂತು.

ಅಡಿಕೆಯವರಿಗಂತೂ ಬೇರೆ ಇಡುವುದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಮರದ ಕಾಯಿಯಿಂದ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಮಾಡಿ ಬೇರೆ ಬೇರೆ ಬೆಲೆ ಪಡೆಯುವುದು ನಮ್ಮ ಹಿರಿಯರು ಕಲಿಸಿದ ವಿದ್ಯೆ. ನಾಲ್ಕನ್ನೂ ಒಂದೇ ಚೀಲಕ್ಕೆ ಸುರಿದರೆ ಸಿಗುವುದು ಗೊರಬಲಿನ ಬೆಲೆ ಎಂಬುದು ಮಂಡಿಗೆ ಹೋದವರಿಗೆಲ್ಲ ಗೊತ್ತು.

ಆದರೆ ಭ್ರಮೆಯೂ ಬೇಡ. ಅಡಿಕೆ ಕೊಳ್ಳುವವನು ಮರದ ವಯಸ್ಸನ್ನು ಕೇಳುವುದಿಲ್ಲ. ತಳಿ, ಸೀಮೆ, ಹದವಾದ ಕೊಯ್ಲು, ಬೇಯಿಸಿದ ರೀತಿ ಇವನ್ನು ನೋಡುತ್ತಾನೆ. ದ್ರಾಕ್ಷಿಯ ಕಥೆ ಕೇಳಿ ಎಲ್ಲ ಮುದಿ ಮರವನ್ನೂ ಉಳಿಸಿಕೊಂಡರೆ ನಷ್ಟವೇ. ರೋಗ ಹಿಡಿದದ್ದು, ಸೊರಗಿದ್ದು ಹೋಗಲೇಬೇಕು. ರೊಬಸ್ಟಾ ಕಾಫಿಯಲ್ಲಿ ಹಳೆಯ ಗಿಡದ ಕಾಂಡ ಕಡಿದು, ಚಿಗುರಿಗೆ ಒಳ್ಳೆಯ ತಳಿಯ ಕುಡಿ ಕಸಿ ಮಾಡುವ ನಡುದಾರಿಯೂ ಇದೆ. ಹಳೆಯ ಬೇರನ್ನು ಉಳಿಸಿ ಮೇಲಿನ ತಳಿಯನ್ನು ಬದಲಿಸುವ ಇದೇ ಉಪಾಯವನ್ನು ಲಾಂಗ್‌ಡಾಕಿನವರೂ ಮಾಡುತ್ತಾರೆ.

ಸದಸ್ಯರು ಇಷ್ಟನ್ನು ಮಾಡಬಹುದು. ಒಂದು, ತೋಟದ ಯಾವ ಭಾಗವನ್ನು ಯಾವ ವರ್ಷ ನೆಟ್ಟದ್ದು, ಬೀಜ ಅಥವಾ ಸಸಿ ಎಲ್ಲಿಂದ ತಂದದ್ದು ಎಂಬುದನ್ನು ಇಂದೇ ಬರೆದಿಡುವುದು. ಹಿರಿಯರು ಇರುವಾಗಲೇ ಕೇಳಿ ಬರೆಯಬೇಕು. ದಾಖಲೆಯಿಲ್ಲದ ವಯಸ್ಸಿಗೆ ಪೇಟೆಯಲ್ಲಿ ಬೆಲೆಯಿಲ್ಲ ಎಂಬುದನ್ನು ಮೇಲೆ ಕಂಡೆವು. ಎರಡು, ಕಡಿಯುವ ಮುನ್ನ ಒಂದು ವರ್ಷ ಆ ಭಾಗದ ಫಸಲನ್ನು ಬೇರೆಯಾಗಿ ಕೊಯ್ದು, ಬೇರೆಯಾಗಿ ಒಣಗಿಸಿ, ತೂಕವನ್ನೂ ಗುಣವನ್ನೂ ನೋಡುವುದು. ಮೂರು, ಗುಣ ನಿಜವಾಗಿ ಬೇರೆಯಿದ್ದರೆ ಅದನ್ನು ಬೇರೆಯಾಗಿ ಮಾರಲು ಸಂಘವನ್ನು ಕೇಳುವುದು. ಇದು ಒಬ್ಬರಿಂದ ಆಗದ ಕೆಲಸ, ಸಂಘದಿಂದ ಆಗಬಹುದಾದ ಕೆಲಸ.

ಇನ್ನು ಮೊದಲ ಪ್ರಶ್ನೆಗೆ ಉತ್ತರ. ಹಳೆಯ ಬಳ್ಳಿಗೆ ಹೆಚ್ಚು ಬೆಲೆ ಬರುವುದು ಅದು ಹಳೆಯದಾದ್ದರಿಂದ ಮಾತ್ರ ಅಲ್ಲ. ಕಡಿಮೆಯಾದರೂ ಗಟ್ಟಿಯಾದ ಫಸಲು, ಅದನ್ನು ಬೆರೆಸದೆ ಇಟ್ಟ ಶಿಸ್ತು, ಚೀಟಿಯ ಮೇಲಿನ ಮಾತು ನಿಜವೆಂಬ ನಂಬಿಕೆ ಈ ಮೂರೂ ಕೂಡಿದಾಗ ಮಾತ್ರ. ಒಂದು ತಪ್ಪಿದರೂ ಅದು ಬರಿಯ ಮುದಿ ಬಳ್ಳಿ. ಕಿತ್ತು ಹಾಕಲು ಒಂದು ದಿನ ಸಾಕು. ಮತ್ತೆ ಅಷ್ಟು ವಯಸ್ಸಿನ ಬಳ್ಳಿ ಬೇಕೆಂದರೆ ಮೊಮ್ಮಕ್ಕಳ ಕಾಲದವರೆಗೆ ಕಾಯಬೇಕು. ಲಾಂಗ್‌ಡಾಕಿನವರು ಇದನ್ನು ಕಿತ್ತ ಮೇಲೆ ತಿಳಿದರು. ನಾವು ಕೊಡಲಿ ಎತ್ತುವ ಮುನ್ನ ಒಂದು ಫಸಲಿನ ಕಾಲ ಯೋಚಿಸಿದರೆ ನಷ್ಟವಿಲ್ಲ.